ಬೇಲಿಯೊಳಗೆ ಉಳಿದ ಜಿಂಕೆಮರಿ

ಇವತ್ತು ಬೆಳಿಗ್ಗೆ ಬಾಲ್ಕನಿಯ ಬಲೆಯೊಳಗೆ ಪಾರಿವಾಳವೊಂದು ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಅದನ್ನು ಕಂಡದ್ದೇ, ತೊಂಬತ್ತೈದು ವರ್ಷದ ನಾನು ಮತ್ತೆ ಬಾಲ್ಯದ ಜೋಳದ ಹೊಲದಲ್ಲಿದ್ದೆ. ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಬರೆಯುತ್ತಿದ್ದಾಳೆ.

ವೆಳ್ಳಕೋಯಿಲ್ ಊರಿನ ಹತ್ತಿರ ನಮ್ಮ ನೇಕಾರರ ಹತ್ತು ಮನೆ ಸೇರಿ ಮಾಡಿದ ಹೊಲ. ಹಗಲು ಕಾಯಲು ಸರದಿ. ನಮ್ಮ ಸರದಿ ಬಂದಾಗ ಅಜ್ಜಿ ನನ್ನನ್ನು ಒಳಗೆ ಬಿಟ್ಟು, ಹಕ್ಕಿ-ಪ್ರಾಣಿ ಓಡಿಸಲು ಬಡಿಯುವ ಖಾಲಿ ಸೀಮೆಎಣ್ಣೆ ಡಬ್ಬ ಕೊಟ್ಟು, ಬೇಲಿಯ ಕಂಡಿಗೆ ಹೊರಗಿನಿಂದ ಮುಳ್ಳುಕಂಟಿ ಎಳೆದು ಕಟ್ಟಿ ಮಗ್ಗಕ್ಕೆ ಹೋಗುತ್ತಿದ್ದಳು. ಸಂಜೆಯವರೆಗೆ ಪ್ರಾಣಿ ಒಳಗೆ ಬರುವಂತಿರಲಿಲ್ಲ, ನಾನು ಹೊರಗೆ ಹೋಗುವಂತಿರಲಿಲ್ಲ.

ಒಂದು ದಿನ ನಮಗಿಂತ ಮೊದಲೇ ಜಿಂಕೆಮರಿಯೊಂದು ಹೇಗೋ ಒಳಗೆ ಸೇರಿಕೊಂಡಿತ್ತು. ಅಜ್ಜಿ ಹೋದಮೇಲೆ ಕಂಡೆ. ಡಬ್ಬ ಬಡಿದೆ. ಅದು ಓಡಿ ಬೇಲಿಗೆ ಬಡಿದು ತಿರುಗಿತು, ಮತ್ತೆ ಓಡಿತು. ನಾನು ಬಡಿದಷ್ಟೂ ಜೋಳ ಮುರಿಯಿತು. ಅದರ ಮೂತಿಯಲ್ಲಿ ರಕ್ತ ಕಂಡಾಗ ಡಬ್ಬ ಕೆಳಗಿಟ್ಟೆ. ಇಬ್ಬರೂ ಸಂಜೆಯವರೆಗೆ ಆ ಕಂಡಿಯನ್ನೇ ನೋಡುತ್ತ ಕೂತೆವು.

ಅಜ್ಜಿ ಮುಳ್ಳು ಸರಿಸಿದ್ದೇ ಅದು ಅವಳನ್ನು ಒರಸಿಕೊಂಡೇ ಹಾರಿಹೋಯಿತು.

"ಹತ್ತು ಮನೆ ಜೋಳ, ಕಣ್ಣು! ಡಬ್ಬ ಯಾಕೆ ಬಡೀಲಿಲ್ಲ?" ಅಂದಳು ಅಜ್ಜಿ; 'ಕಣ್ಣು' ಅಂತಲೇ ನನ್ನನ್ನು ಮುದ್ದಿಗೆ ಕರೆಯುತ್ತಿದ್ದಳು.

"ಬಡ್ದೆ ಅಜ್ಜಿ. ಅದು ಎಲ್ಲಿಂದ ಆಚೆ ಹೋಗ್ಬೇಕು?"

ಅಜ್ಜಿ ಮುರಿದ ಜೋಳದ ದಂಟು ಆಯ್ದಳು. ಮುಂದಿನ ಸರದಿಗೂ ಮುಳ್ಳನ್ನು ಹೊರಗಿನಿಂದಲೇ ಕಟ್ಟಿದಳು.

ಇವತ್ತು ಬೆಳಿಗ್ಗೆ ಮೊಮ್ಮಗಳು ಬಲೆಯೊಳಗಿನ ಪಾರಿವಾಳ ಓಡಿಸಲು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

"ನಿಲ್ಸು ಕಣ್ಣು," ಅಂದೆ. "ಮೊದ್ಲು ಬಲೆ ಬಿಚ್ಚು."