ಹದಿನೈದು ದಿನದ ಗಡುವು

ಆತಂಕಕ್ಕೆ ಮೆಗ್ನೀಷಿಯಂ ಮಾತ್ರೆ ಒಳ್ಳೆಯದಂತೆ, ಹೌದಾ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ, ತೀರ್ಮಾನ ಕೇಳಿದವರೇ ಮಾಡಿಕೊಳ್ಳಲಿ.

ತೊಂಬತ್ತರ ದಶಕದ ಕೊನೆ. ತಿಪಟೂರಿನ ಒಂದು ತರಬೇತಿ ಕೇಂದ್ರದಲ್ಲಿ ನಾನು ಹೆಂಗಸರಿಗೆ ಹೊಲಿಗೆ ಹೇಳಿಕೊಡುತ್ತಿದ್ದೆ. ಹೊನ್ನವಳ್ಳಿ ಕಡೆಯ ನಮ್ಮ ತೋಟದ ಮನೆಯಿಂದ ದಿನವೂ ಬಸ್ಸಿನಲ್ಲಿ ಓಡಾಟ. ಒಂದು ಬೆಳಿಗ್ಗೆ ಬಸ್ಸು ಹೊರಟು ಹತ್ತು ನಿಮಿಷವೂ ಆಗಿರಲಿಲ್ಲ, ಕಾರಣವೇ ಇಲ್ಲದೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈಕಾಲು ತಣ್ಣಗಾಯಿತು, ಉಸಿರು ಸಾಲದಾಯಿತು, ಇನ್ನೇನು ಸತ್ತೇ ಹೋಗುತ್ತೇನೆ ಅನ್ನಿಸಿತು. ಬಸ್ಸು ನಿಲ್ಲಿಸಿಕೊಂಡು ಇಳಿದು, ನಡೆದೇ ಮನೆಗೆ ಬಂದೆ. ಮುಂದಿನ ವಾರ ಮತ್ತೆ ಅದೇ ಆಯಿತು. ಕೊನೆಗೆ ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿದರೂ ರಸ್ತೆಯಿಂದ ಹಿಂದಕ್ಕೆ ಸರಿಯುತ್ತಿದ್ದೆ.

ನಮ್ಮತ್ತೆ ಕೆಟ್ಟವರಲ್ಲ. ಆದರೆ ಸೊಸೆ ಹೊರಗೆ ಹೋಗಿ ದುಡಿಯುವುದು ಅವರಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಈಗ ನೆಪ ಸಿಕ್ಕಿತು.

"ಮೈಗೆ ಆಗ್ದಿದ್ಮೇಲೆ ಯಾಕವ್ವ ಹೋಗ್ಬೇಕು? ಬುಟ್ಬುಡು. ಮನೇಲಿ ಉಣ್ಣಾಕಿಲ್ವಾ?" ಅಂದರು.

ಉಣ್ಣುವುದಕ್ಕೆ ಇತ್ತು. ಆದರೆ ತಿಪಟೂರಿನಲ್ಲಿ ನನ್ನನ್ನು ಮೇಡಂ ಅನ್ನುತ್ತಿದ್ದರು. ಮನೆಯಲ್ಲಿ ಹಾಗೆ ಕರೆಯುವವರು ಯಾರಿದ್ದರು?

ತಿಪಟೂರಿನ ವಯಸ್ಸಾದ ಡಾಕ್ಟರೊಬ್ಬರು ಎಲ್ಲ ಪರೀಕ್ಷೆ ಮಾಡಿ, ಹೃದಯ ಗಟ್ಟಿಯಾಗಿದೆ, ಇದು ಆತಂಕ ಎಂದರು. ನಾಟಕವಲ್ಲ, ಇದೂ ಒಂದು ಕಾಯಿಲೆಯೇ ಎಂದು ನಮ್ಮ ಯಜಮಾನರಿಗೆ ಕೇಳಿಸುವಂತೆ ಹೇಳಿದರು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ನಿದ್ದೆ ಸರಿಯಿಲ್ಲ ಎಂದದ್ದಕ್ಕೆ ಮೆಗ್ನೀಷಿಯಂ ಮಾತ್ರೆ ಬರೆದುಕೊಟ್ಟರು.

"ಮೈಯಲ್ಲಿ ಇದು ಕಮ್ಮಿ ಇದ್ರೆ ಸ್ವಲ್ಪ ಅನುಕೂಲ ಆಗ್ಬೋದು ಕಣಮ್ಮ. ಆಗೇ ಆಗುತ್ತೆ ಅಂತ ನಾನು ಹೇಳಲ್ಲ. ಬಸ್ ಮಾತ್ರ ಬಿಡ್ಬೇಡ. ಬಿಟ್ಟಷ್ಟೂ ಭಯ ಬಲಿಯುತ್ತೆ."

ಮನೆಗೆ ಬಂದು ಯಜಮಾನರು ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು. ಅವರ ಮುಖ ಅರಳಿತು. "ಇದು ನಮ್ಮ ತೆಂಗಿನ ಮರಕ್ಕೆ ಹಾಕೋದೇ ಕಣೇ," ಅಂದರು. ಗರಿ ಹಳದಿಯಾದ ಮರಗಳ ಬುಡಕ್ಕೆ ಹಾಕಲು ಮೆಗ್ನೀಷಿಯಂ ಸಲ್ಫೇಟಿನ ಚೀಲ ಕೊಟ್ಟಿಗೆಯಲ್ಲೇ ಇತ್ತು. ಅತ್ತೆ ಆಗಲೇ ಗಡುವು ಹಾಕಿದರು: "ಹದಿನೈದು ದಿನ ನೋಡಾನ. ವಾಸಿ ಆಗ್ಲಿಲ್ಲ ಅಂದ್ರೆ ಕೆಲಸ ಬುಡಾದು." ಯಜಮಾನರು ಹೂಂ ಎಂದು ತಲೆ ಆಡಿಸಿದರು. ಆ ತಲೆ ಆಡಿಸಿದ್ದಕ್ಕೆ ನನಗೆ ಆದ ಸಂಕಟ ಬಸ್ಸಿನಲ್ಲೂ ಆಗಿರಲಿಲ್ಲ.

ಹತ್ತು ದಿನ ಕಳೆದರೂ ಬಸ್ಸು ಹತ್ತಿದರೆ ಎದೆಯ ಹೊಡೆತ ಹಾಗೇ ಇತ್ತು; ಎಷ್ಟೋ ದಿನ ನಡುದಾರಿಯಲ್ಲೇ ಇಳಿದುಬಿಡುತ್ತಿದ್ದೆ. ಆ ಭಾನುವಾರ ಯಜಮಾನರು ಒಂದು ಲೋಟ ಮಜ್ಜಿಗೆ ತಂದರು. "ಮಾತ್ರೇಲಿ ಎಷ್ಟಿರ್ತೈತೆ, ಒಂದು ಚಿಟಿಕೆ. ಚೀಲದ್ದು ಎಲ್ಡು ಚಮಚ ಕದಡಿವ್ನಿ, ಕುಡಿ." ಅವರು ಮುಚ್ಚಿಟ್ಟು ಕೊಡಲಿಲ್ಲ, ನಾನೂ ತಿಳಿದೇ ಕುಡಿದೆ. ಕೆಲಸ ಉಳಿಯುವುದಾದರೆ ಚೀಲವನ್ನೇ ನುಂಗುತ್ತಿದ್ದೆ. ವಿಪರೀತ ಕಹಿ. ಅವತ್ತು ಮಧ್ಯಾಹ್ನದಿಂದ ಸಂಜೆಯವರೆಗೆ ನಾನು ಬಚ್ಚಲ ಕಡೆಗೆ ಓಡಿದ್ದೇ ಓಡಿದ್ದು. ಮಾರನೇ ದಿನ ಡಾಕ್ಟರು ಇಬ್ಬರಿಗೂ ಛೀಮಾರಿ ಹಾಕಿದರು: "ಮರದ ಗೊಬ್ಬರಾನ ಮನುಷ್ಯರಿಗೆ ಕೊಡ್ತಾರೇನ್ರೀ?"

ಹದಿನೈದನೆಯ ದಿನ ಬಂತು. ಯಜಮಾನರು ತೋಟದಲ್ಲಿ ಮರದ ಪಾತಿ ಬಿಡಿಸಿ ಅದೇ ಗೊಬ್ಬರ ಹಾಕುತ್ತಿದ್ದರು. ಅತ್ತೆ ಪಕ್ಕದಲ್ಲಿ ಕೂತು ಬಿದ್ದ ಗರಿಯಿಂದ ಪೊರಕೆಗೆ ಕಡ್ಡಿ ಸೀಳುತ್ತಿದ್ದರು. "ಗಡುವು ಮುಗೀತಲ್ಲವ್ವ," ಅಂದರು.

ನಾನು ಯಜಮಾನರನ್ನು ಕೇಳಿದೆ: "ಈ ಮರ ಯಾವಾಗ ಹಸಿರಾಗ್ತೈತೆ?"

"ಒಂದು ವರ್ಸನಾದ್ರೂ ಬೇಕು. ಹಳದಿ ಆಗಿರೋ ಗರಿ ಹಂಗೇ ಉದುರ್ತೈತೆ. ಹೊಸಾವು ಹಸಿರಾಗಿ ಬರ್ಬೇಕು."

"ಅಲ್ಲೀಗಂಟ ಇಳುವರಿ ಕಮ್ಮಿ ಅಂತ ಕಡಿದಾಕ್ತೀರಾ?"

"ಯಾರಾದ್ರೂ ಕಡೀತಾರೇನೇ?"

"ಮರಕ್ಕೆ ಒಂದು ವರ್ಸ ಕಾಯ್ತೀರ. ನನಗೆ ಹದಿನೈದು ದಿನ ಕೊಟ್ರಿ. ಮಾತ್ರೆ ನಾಟಿದ್ರೂ ನಾನು ಕೆಲಸ ಬುಡಾಕಿಲ್ಲ, ನಾಟ್ಲಿಲ್ಲ ಅಂದ್ರೂ ಬುಡಾಕಿಲ್ಲ."

ಅತ್ತೆಯ ಕೈಯಲ್ಲಿ ಕತ್ತಿ ನಿಂತಿತು. ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು. ಯಜಮಾನರು ಪಾತಿಗೆ ಮಣ್ಣು ಎಳೆದರು.

ಮಾತ್ರೆಯನ್ನು ಇನ್ನೂ ಎರಡು ತಿಂಗಳು ನುಂಗಿದೆ. ಮೀನಖಂಡ ಹಿಡಿಯುವುದು ನಿಂತಿತು, ನಿದ್ದೆ ಸ್ವಲ್ಪ ಹತ್ತಿತು. ಭಯ ಇಳಿದದ್ದು ತೀರ ನಿಧಾನಕ್ಕೆ. ಅದು ಮಾತ್ರೆಯಿಂದಲೋ, ದಿನಾ ಬಸ್ಸು ಹತ್ತಿದ್ದರಿಂದಲೋ, ಅವತ್ತು ತೋಟದಲ್ಲಿ ಬಾಯಿ ಬಿಟ್ಟಿದ್ದರಿಂದಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದೆ ಎಂದು ಗಟ್ಟಿಯಾಗಿ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ.

ತೋಟದಲ್ಲಿ ಆ ಮಾತಾದ ಮಾರನೇ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದೆ. ಯಜಮಾನರು ಸ್ಕೂಟರ್ ತಂದು ಪಕ್ಕದಲ್ಲಿ ನಿಲ್ಲಿಸಿದರು.

"ಕೂತ್ಕೊ, ನಾನೇ ಬುಟ್ಟು ಬತ್ತೀನಿ."

"ಬ್ಯಾಡ, ಬಸ್ಸಲ್ಲೇ ಹೋಗ್ತೀನಿ."

"ಭಯ ಆಗಲ್ವಾ?"

"ಆಗ್ತೈತೆ," ಎಂದೆ.

ಬಸ್ಸು ಬಂತು, ಹತ್ತಿದೆ. ದಾರಿಯುದ್ದಕ್ಕೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ತಿಪಟೂರು ಬರುವವರೆಗೆ ನಾನು ಇಳಿಯಲಿಲ್ಲ.