ಅಪ್ಪನ ಬೆನ್ನು, ಅವ್ವನ ಬಿಸಿನೀರು

ಆಸ್ಪತ್ರೆಗೆ ಹೋಗುವವರು ಮಿಂದು, ಒಗೆದ ಬಟ್ಟೆ ಉಟ್ಟೇ ಹೋಗಬೇಕು ಎನ್ನುವುದು ನಮ್ಮವ್ವನ ಕಟ್ಟಳೆ. ಡಾಕ್ಟರು ಮೈ ಮುಟ್ಟುವಾಗ ಬೆವರು ನಾರಿದರೆ ಮರ್ಯಾದೆ ಹೋಗುವುದು ಮನೆಯ ಹೆಂಗಸಿನದು. ಅಪ್ಪನ ಬೆನ್ನಿನ ವಿಷಯದಲ್ಲಂತೂ ಅವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅಪ್ಪ ಮಲಯಾಳ ಸೀಮೆಯ ಪುಲ್ಪಳ್ಳಿಯ ಒಂದು ಗೋದಾಮಿನಲ್ಲಿ ಕಾಫಿ, ಮೆಣಸಿನ ಮೂಟೆ ಹೊರುತ್ತಿದ್ದರು. ಒಂದು ದಿನ ಲಾರಿಯ ಮೇಲಿಂದ ಜಾರಿದ ಮೂಟೆ ಅವರ ಸೊಂಟದ ಮೇಲೆ ಬಿತ್ತು. ಮುರಿದ ಮೂಳೆ ಕೂಡಿಕೊಂಡಿತು, ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಇನ್ನು ಉಳಿದದ್ದು ಗೋದಾಮಿನವರು ಒಂದೇ ಸಲ ಕೊಟ್ಟು ಕೈ ತೊಳೆದುಕೊಳ್ಳುವ ಪರಿಹಾರ. ಅದು ಎಷ್ಟು ಎಂದು ಗೊತ್ತಾಗಬೇಕಾದರೆ, ಬೆನ್ನು ನೂರರಲ್ಲಿ ಎಷ್ಟು ಪಾಲು ಕೆಟ್ಟಿದೆ ಎಂದು ಡಾಕ್ಟರುಗಳು ಬರೆಯಬೇಕು. ಮನುಷ್ಯನ ಬೆನ್ನನ್ನು ಹೀಗೆ ಪಾಲು ಹಾಕುವ ಲೆಕ್ಕವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ.

ಪರೀಕ್ಷೆಗೆ ಮಾನಂದವಾಡಿಗೆ ಹೋಗುವ ದಿನ ಅವ್ವ ಬೇಗನೆ ಎದ್ದು, ಲಕ್ಕಿಸೊಪ್ಪು ಹಾಕಿ ಹಂಡೆ ತುಂಬ ನೀರು ಕಾಯಿಸಿದಳು. ಬೆನ್ನಿಗೆ ಎಣ್ಣೆ ತಿಕ್ಕಿ, ಬೆಂದ ಸೊಪ್ಪಿನಿಂದ ಶಾಖ ಕೊಟ್ಟು, ತಡೆಯುವಷ್ಟು ಸುಡುನೀರು ಹೊಯ್ದಳು. ಇವಳು ನನ್ನನ್ನು ಡಾಕ್ಟರಿಗೆ ಮದುವೆ ಮಾಡಿಕೊಡುತ್ತಾಳೆ ಎಂದು ಅಪ್ಪ ತಮಾಷೆ ಮಾಡಿದರು. ಸೆಟೆದಿದ್ದ ಬೆನ್ನು ಸಡಿಲವಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಬಗ್ಗಿ ಎಂದರೆ ಅಪ್ಪ ಮೊಣಕಾಲಿನ ಕೆಳಗೂ ಕೈ ಇಳಿಸಿದರು. ತಿರುಗಿ ಎಂದರೆ ತಿರುಗಿದರು. ಡಾಕ್ಟರು ಕಂಡದ್ದನ್ನೇ ಬರೆದರು, ತೀರಾ ಕಡಿಮೆ. ವಾಪಸು ಬರುವಾಗ ಬಸ್ಸಿನಲ್ಲೇ ಬೆನ್ನು ಮತ್ತೆ ಕಲ್ಲಾಯಿತು. ನಾನೂ ಕಂಡಕ್ಟರೂ ಸೇರಿ ಅವರನ್ನು ಎತ್ತಿ ಇಳಿಸಿದೆವು. ಅದನ್ನು ನೋಡಲು ಅಲ್ಲಿ ಯಾವ ಡಾಕ್ಟರೂ ಇರಲಿಲ್ಲ.

ಸಂಗತಿ ಕೇಳಿ, ಪರಿಹಾರದ ಕೇಸು ನಡೆಸುತ್ತಿದ್ದ ನಮ್ಮ ವಕೀಲರು ತಲೆ ಚಚ್ಚಿಕೊಂಡರು. ಮರುಪರೀಕ್ಷೆಗೆ ಅರ್ಜಿ ಹಾಕಿದರು. ಈ ಸಲ ಎಣ್ಣೆ, ಶಾಖ, ಬಿಸಿನೀರು ಏನೂ ಬೇಡ, ಬೆನ್ನು ಇದ್ದ ಹಾಗೇ ಬರಲಿ, ಅದರಲ್ಲಿ ಸುಳ್ಳೇನೂ ಇಲ್ಲ ಎಂದು ಮಲಯಾಳದಲ್ಲಿ ತಿಳಿಸಿ ಹೇಳಿದರು. ಅವ್ವ ಖಂಡಿತ ಆಗದು ಎಂದಳು. ಅವಳನ್ನು ಒಪ್ಪಿಸಿದ್ದು ಅಪ್ಪನೇ.

"ವಸಿ ದಿನ ಕನಮ್ಮಿ, ತಡ್ಕತೀನಿ. ಕಾಸು ಬಂದ್ರೆ ನೀ ಕೂಲಿಗೆ ಓಗದಾದ್ರೂ ತಪ್ತದೆ."

ಆ ದಿನಗಳಲ್ಲಿ ಅಪ್ಪ ಹಲ್ಲು ಕಚ್ಚಿ ಮಲಗಿದ್ದರು. ಮಗ್ಗುಲಾಗುವಾಗ ನರಳಿದರೆ ಅವ್ವ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ತಾನೂ ತಣ್ಣೀರೇ ಮೀಯುತ್ತಿದ್ದಳು. ನನಗೆ ಉರಿದುಹೋಗುತ್ತಿತ್ತು, ಆದರೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಅಳು ಬರುತ್ತಿತ್ತು.

ಎರಡನೆಯ ಸಲ ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೋದೆವು. ಬಗ್ಗಿ ಎಂದಾಗ ಅಪ್ಪನ ಕೈ ತೊಡೆಯ ಹತ್ತಿರವೇ ನಿಂತಿತು. ಡಾಕ್ಟರು ಮೊದಲಿಗಿಂತ ಎಷ್ಟೋ ಹೆಚ್ಚು ಬರೆದರು. ವಕೀಲರ ಮುಖ ಅರಳಿತು.

ಮನೆಗೆ ಬಂದವಳೇ ಅವ್ವ ಸೀರೆಯನ್ನೂ ಬದಲಿಸದೆ ಒಲೆ ಹಚ್ಚಿದಳು. ಎಣ್ಣೆ ತಿಕ್ಕಿದಳು, ಶಾಖ ಕೊಟ್ಟಳು, ನೀರು ಹೊಯ್ದಳು. ಬೆನ್ನು ಸಡಿಲವಾಗಲಿಲ್ಲ. ಮರುದಿನವೂ ಆಗಲಿಲ್ಲ. ತಿಂಗಳುಗಟ್ಟಲೆ ಬಿಡದೆ ಮಾಡಿದರೂ ಅದು ಮೊದಲಿನ ಹದಕ್ಕೆ ಬರಲೇ ಇಲ್ಲ. ಹೇಗಿದ್ದರೂ ಹೀಗೇ ಆಗುತ್ತಿತ್ತು, ಇಂಥ ಬೆನ್ನು ಬರಬರುತ್ತಾ ಬಿಗಿಯುತ್ತದೆ ಎಂದು ಡಾಕ್ಟರೊಬ್ಬರು ನನಗೆ ಹೇಳಿದರು. ನಾನು ನಂಬಿದೆ. ಅವ್ವ ನಂಬಲಿಲ್ಲ.

ಪರಿಹಾರ ಬಂದ ದಿನ ಅಪ್ಪ ಅವಳನ್ನು ಹತ್ತಿರ ಕರೆದು, ನಾಳೆಯಿಂದ ತೋಟದ ಕೆಲಸಕ್ಕೆ ಹೋಗಬೇಡ ಎಂದರು. ಅವಳು ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು.

"ಅವ್ರು ಬರ್ದಂಗೇ ಆಗೋಯ್ತಲ್ಲ. ನಾ ಈ ಕಾಸು ಉಣ್ಣಾಕಿಲ್ಲ."

ಬೆಳಗಾಗುತ್ತಲೇ ಅವಳು ಕತ್ತಿ ಹಿಡಿದು ಕೂಲಿಗೆ ಹೊರಟಳು. ಅಪ್ಪ ಎದ್ದು ತಡೆಯಲಾರದೆ ಮಲಗಿದಲ್ಲಿಂದಲೇ ಅವಳನ್ನು ಕರೆಯುತ್ತಿದ್ದರು.