ಮೊರೀನ್ ಅಜ್ಜಿಗೊಂದು ಹೂಂ

ತಲೆಯ ಮೇಲೆ ವಿಮಾನ ಬಂದರೆ ಮೊರೀನ್ ಬಲಗೈ ಎತ್ತಿ ಕಥೆಯನ್ನು ಅಲ್ಲೇ ನಿಲ್ಲಿಸುತ್ತಿದ್ದರು. ಶ್ಯಾಂಟಿಲಿಯಲ್ಲಿ ನಮ್ಮ ಮನೆಸಾಲಿನ ಮೇಲೆಯೇ ಡಲಸ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ದಾರಿ. ಕಥೆಯೊಳಗಿನ ಮನುಷ್ಯ ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ ಇಟ್ಟುಕೊಂಡು ಕಾಯಬೇಕು. ಸದ್ದು ಅಡಗಿದ ಮೇಲೆ ಕೈ ಇಳಿಯುತ್ತಿತ್ತು, ಅವನೂ ಒಳಗೆ ಬರುತ್ತಿದ್ದ. ನನ್ನ ಮಗಳು ಅದಿತಿ ಅಷ್ಟು ಹೊತ್ತೂ ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು.

ಮೊರೀನ್ ನಮ್ಮ ಪಕ್ಕದ ಮನೆಯವರು. ಐರ್ಲೆಂಡಿನ ಪಶ್ಚಿಮ ಕರಾವಳಿಯಿಂದ ಹುಡುಗಿಯಾಗಿದ್ದಾಗಲೇ ಬಂದವರು. ಅಜ್ಜಿಯಿಂದ ಕೇಳಿದ ಕಥೆಗಳನ್ನು ಬಿಟ್ಟರೆ ಅಲ್ಲಿಂದ ತಂದದ್ದು ಹೆಚ್ಚೇನಿಲ್ಲ. ಸಂಜೆ ಡೆಕ್ಕಿನ ಮೇಲೆ ಕೂತು, ಊರುಗೋಲಿನಿಂದ ಇಲ್ಲದ ಒಲೆಯ ಕೆಂಡ ಕೆದಕುತ್ತಾ ಶುರುಮಾಡುವರು. ಅವರ ಮಾತೆಲ್ಲ ಇಂಗ್ಲಿಷೇ. ನನ್ನ ನೆನಪಿಗೆ ಬರುವುದು ಮಾತ್ರ ಏಕೋ ಕನ್ನಡದಲ್ಲಿ. ನಾನು ಮಾಡಿಕೊಟ್ಟ ಟೀ ಸಪ್ಪೆಯಾದ ದಿನ ಕಥೆಯಲ್ಲಿ ಯಾರಿಗಾದರೂ ಕೆಡುಕು ಗ್ಯಾರಂಟಿ. ರೆಕಾರ್ಡ್ ಮಾಡಿಕೊಳ್ಳಲೇ ಎಂದು ಒಮ್ಮೆ ಕೇಳಿದ್ದಕ್ಕೆ, "ಫೋನಿಗೆ ಹಾಕಿಟ್ರೆ ನೀನು ನೆನಪಿಟ್ಕೋತೀಯಾ? ಯಾರದಾದ್ರೂ ಬಾಯಲ್ಲಿ ಉಳಿದ್ರೆ ಉಳೀತು" ಎಂದಿದ್ದರು. ದೂರದ ಡರ್ಹಮ್ ಊರಿನಲ್ಲಿದ್ದ ಅವರ ಮಗನಿಗೆ ಕಥೆಗಳು ಬೇಕಿರಲಿಲ್ಲ. ತಮ್ಮ ಜೊತೆಗೇ ಅವೂ ಹೋಗಿಬಿಡುತ್ತವೆಂದು ಅವರಿಗೆ ಹೆದರಿಕೆಯಿತ್ತು.

ಎರಡು ಸಾವಿರದ ಇಪ್ಪತ್ತರ ವಸಂತದಲ್ಲಿ ಆಕಾಶ ಸುಮ್ಮನಾಯಿತು. ಮೈಸೂರಿನಿಂದ ಬಂದಿದ್ದ ನನ್ನ ಅಮ್ಮ ವಾಪಸು ಹೋಗಲು ವಿಮಾನವಿಲ್ಲದೆ ನಮ್ಮಲ್ಲೇ ಉಳಿದರು. ಮೊರೀನ್ ಲೈಬ್ರರಿಯಲ್ಲಿ ಹೇಳುತ್ತಿದ್ದ ಕಥೆಗಳು ಕಂಪ್ಯೂಟರಿಗೆ ಬಂದವು. ಪರದೆಯ ತುಂಬ ಪುಟ್ಟ ಪುಟ್ಟ ಮುಖಗಳು, ಎಲ್ಲರೂ ಮ್ಯೂಟ್. ಮೊರೀನ್ ಎರಡು ಮಾತು ಹೇಳುವರು, ತಡೆಯುವರು, ಪರದೆಯನ್ನೇ ನೋಡುವರು. ನಮ್ಮನೆಯ ಸೋಫಾದಲ್ಲಿ ಕೂತಿದ್ದ ಅಮ್ಮ ಚಡಪಡಿಸತೊಡಗಿದರು.

"ಪಾಪ, ಹೂಂಗುಟ್ಟೋರು ಒಬ್ರೂ ಇಲ್ವಲ್ಲೇ!"

"ಹಾಗೆಲ್ಲ ಮಾತಾಡಬಾರ್ದು ಅಮ್ಮ, ಮ್ಯೂಟ್ ತೆಗೆದ್ರೆ ಎಲ್ಲರಿಗೂ ಕೇಳತ್ತೆ."

"ಕೇಳ್ಲಿ ಬಿಡು" ಎಂದು ಅಮ್ಮ ಅದಿತಿಯ ಕೈಯಿಂದಲೇ ಮ್ಯೂಟ್ ತೆಗೆಸಿ, "ಹೂಂ" ಎಂದರು.

ಮೊರೀನ್ ತಲೆಯೆತ್ತಿದರು. ಇನ್ನೊಂದು ಮಾತು ಬಂತು. "ಹೂಂ." ಮತ್ತೊಂದು. "ಹೂಂ, ಹೂಂ." ಕಾರ್ಯಕ್ರಮ ನಡೆಸುತ್ತಿದ್ದ ಹುಡುಗಿ ದಯವಿಟ್ಟು ಮ್ಯೂಟ್ ಮಾಡಿ ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೊರೀನ್ ಬಲಗೈ ಎತ್ತಿ, "ಆಯಮ್ಮನ ತಂಟೆಗೆ ಹೋಗ್ಬೇಡ. ಇಲ್ಲಿ ಜೀವ ಇರೋದು ಅವಳೊಬ್ಬಳಿಗೇ" ಎಂದು ಗದರಿದರು. ಅಮ್ಮನಿಗೆ ಅವರ ಇಂಗ್ಲಿಷ್ ಕಾಲುಭಾಗವೂ ತಿಳಿಯದು. ಆಮೇಲೆ ಕೇಳಿದರೆ, "ಅರ್ಥ ನೀನು ಹೇಳ್ತೀಯಲ್ಲ. ಕಥೆ ಹೇಳೋರ್ನ ಒಂಟಿ ಬಿಡಬಾರ್ದು ಅಷ್ಟೆ" ಎಂದರು.

ಅಂದಿನಿಂದ ಸಂಜೆಗಳು ಬೇರೆಯೇ ಆದವು. ಬೇಲಿಯ ಆಚೆ ಮೊರೀನ್, ಈಚೆ ಅಮ್ಮ, ನಡುವೆ ಹೂ ಬಿಟ್ಟ ಡಾಗ್‌ವುಡ್ ಮರ. ಅಮ್ಮನಿಂದ ಮೊರೀನ್ ಹೂಂಗುಟ್ಟುವುದನ್ನೂ "ಆಮೇಲೆ" ಎಂಬ ಮಾತನ್ನೂ ಕಲಿತರು. ಅದು ಐರಿಷ್ ಭಾಷೆಯದೇ ಏನೋ ಎನ್ನುವಂತೆ ಅವರ ಬಾಯಲ್ಲಿ ತಿರುಗುತ್ತಿತ್ತು. ಅದಿತಿ ಹೆಚ್ಚು ಸಲ ಕೇಳಿಸಿಕೊಂಡದ್ದು ಕಥೆಯಿಲ್ಲದವನ ಕಥೆ. ಬುಟ್ಟಿ ಹೆಣೆಯುವವನೊಬ್ಬ ಮಂಜಿನಲ್ಲಿ ದಾರಿ ತಪ್ಪಿ ಒಂದು ಮನೆಗೆ ಬರುತ್ತಾನೆ. ಮನೆಯ ಮುದುಕರು ಉಣ್ಣಲಿಕ್ಕಿ ಒಂದು ಕಥೆ ಹೇಳೆನ್ನುತ್ತಾರೆ. ನನಗೆ ಯಾವ ಕಥೆಯೂ ಬಾರದು ಎನ್ನುತ್ತಾನೆ. ಹಾಗಾದರೆ ಬಾವಿಯಿಂದ ನೀರಾದರೂ ತಾ ಎಂದು ಕಳಿಸುತ್ತಾರೆ. ಬಾವಿಯ ಬಳಿ ಗಾಳಿ ಅವನನ್ನು ಎತ್ತಿಕೊಂಡು ಹೋಗುತ್ತದೆ.

ವಿಮಾನಗಳು ಮತ್ತೆ ಹಾರಿದಾಗ ಅಮ್ಮ ಊರಿಗೆ ಹೋದರು. ಕೆಲವು ವರ್ಷಗಳಲ್ಲಿ ಮೊರೀನ್‌ಗೆ ಮರೆವು ಶುರುವಾಗಿ, ಮಗ ಡರ್ಹಮ್‌ಗೆ ಕರೆದುಕೊಂಡು ಹೋದ. ಬೇಲಿಯ ಆಚೆ ಖಾಲಿ ಕುರ್ಚಿ ನೋಡಲಾರದೆ ನಾನು ಬಹಳ ದಿನ ಡೆಕ್ಕಿಗೇ ಹೋಗಲಿಲ್ಲ.

ಒಂದು ಶನಿವಾರ ಅದಿತಿಯೂ ನಾನೂ ಡ್ರೈವ್ ಮಾಡಿಕೊಂಡು ಡರ್ಹಮ್‌ಗೆ ಹೋದೆವು. ಮೊರೀನ್ ಕಿಟಕಿಯ ಬಳಿ ಕೂತಿದ್ದರು. ನಮ್ಮ ಗುರುತು ಹತ್ತಲಿಲ್ಲ. ಆದರೂ ಬನ್ನಿ ಬನ್ನಿ ಎಂದು ಕೂರಿಸಿದರು. ಅದಿತಿ ತಾನಾಗಿಯೇ ಬುಟ್ಟಿ ಹೆಣೆಯುವವನನ್ನು ಮಂಜಿನೊಳಗೆ ಕರೆತಂದಳು.

"ಹೂಂ" ಎಂದರು ಮೊರೀನ್.

ಅವನು ಬಾವಿಗೆ ಹೊರಟಾಗ ಪಕ್ಕದ ಆಸ್ಪತ್ರೆಗೆ ಹೆಲಿಕಾಪ್ಟರ್ ಬಂತು. ಮೊರೀನ್ ಬಲಗೈ ಮೇಲೆ ಹೋಯಿತು. ಅದಿತಿ ನಿಲ್ಲಿಸಿದಳು. ನೆನಪು ಮರಳಿತೇ ಎಂದು ನಾನು ಆಸೆಯಿಂದ ಅವರ ಮುಖ ನೋಡಿದೆ. ಸದ್ದಡಗಿ ಕೈ ಇಳಿಯಿತು.

"ಆಮೇಲೆ?" ಎಂದು ಕೇಳಿದರು. ಆಮೇಲೆ ಏನಾಯಿತೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅದಿತಿ ಹೇಳಿದಳು: ಗಾಳಿ ಅವನನ್ನು ಸಾವಿನ ಮನೆಯೊಂದರಲ್ಲಿ ಇಳಿಸಿದ್ದು, ಎಂದೂ ಪಿಟೀಲು ಮುಟ್ಟದವನು ಅಲ್ಲಿ ಪಿಟೀಲು ನುಡಿಸಿದ್ದು, ಮತ್ತೆ ಅದೇ ಗಾಳಿಯಲ್ಲಿ ಮುದುಕರ ಮನೆಗೆ ಬಂದದ್ದು, ಇನ್ನು ಯಾರು ಕೇಳಿದರೂ ನಿನ್ನ ಹತ್ತಿರ ಒಂದು ಕಥೆಯಿದೆ ಎಂದು ಅವರು ಹೇಳಿದ್ದು. ಮೊರೀನ್ ಮಗುವಿನಂತೆ ಚಪ್ಪಾಳೆ ತಟ್ಟಿದರು.

"ಎಂಥಾ ಕಥೆ! ಯಾರಮ್ಮಾ ಹೇಳ್ಕೊಟ್ಟಿದ್ದು ನಿಂಗೆ?"

ಅದಿತಿ ಒಮ್ಮೆ ನನ್ನತ್ತ ನೋಡಿದಳು.

"ನಮ್ಮ ನೆಕ್ಸ್ಟ್ ಡೋರ್ ಅಜ್ಜಿ."

"ಚೆನ್ನಾಗಿ ಹೇಳ್ಕೊಟ್ಟಿದಾಳೆ. ಮನೆಗೆ ಹೋದ್ಮೇಲೆ ಅವಳಿಗೆ ಹೇಳು, ಅದು ಉಳ್ಕೊಂಡಿದೆ ಅಂತ."

"ಹೂಂ" ಎಂದಳು ಅದಿತಿ.